ಅಕ್ಕನ ನೋವಿಗೆ ನಾನು ಮಾಡಿದ ಚೌಕಾಸಿ

ಆ ಚೌಕಾಸಿಗೆ ಬಿದ್ದ ಬೆಲೆ ಮೂರು ವಾರದ ನಿದ್ದೆ. ಅದನ್ನು ತೆತ್ತವಳು ನಮ್ಮಕ್ಕ. ಕಾರಣ, ನನ್ನ ಹೆದರಿಕೆ ಮತ್ತು ನನ್ನ ಕಸುಬಿನ ಚಟ.

ತೆಲುಗು ಸೀಮೆಯ ಕಾಚಿಗೂಡ ಸ್ಟೇಷನ್ನಿನಲ್ಲಿ ಒಂದು ಚೀಲ ಹಿಡಿದು ಇಳಿದ ನಾನು ಅಬಿಡ್ಸ್ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ ಹಾಕಿದ್ದು ಮಾತಿನ ಬಲದಿಂದಲೇ. ಎದುರಿನವರು ಎಂಟು ಅಂದರೆ ನನ್ನ ಕೈ ತಾನಾಗಿ ಐದು ತೋರಿಸುತ್ತದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಗೆಂದು ವಿಜಯಪುರದಿಂದ ಬಂದು ನಮ್ಮ ಮನೆಯಲ್ಲಿದ್ದ ಅಕ್ಕನಿಗೆ ತೆಲುಗು ಬಾರದು. ಆಸ್ಪತ್ರೆಯಲ್ಲಿ ಅವಳ ಪರವಾಗಿ ನಾನೇ ಮಾತಾಡುತ್ತಿದ್ದೆ.

ನಾಲ್ಕನೇ ಕೀಮೋ ಆದ ಮೇಲೆ ಸೊಂಟದಲ್ಲಿ ಹೊಸ ನೋವು ಶುರುವಾಯಿತು. ನೋವು ಹತ್ತರಲ್ಲಿ ಎಷ್ಟು ಎಂದು ಡಾಕ್ಟರಮ್ಮ ಕೇಳಿದರು. ನಾನು ಅಕ್ಕನಿಗೆ ತಿಳಿಸಿದೆ.

“ಎಂಟು ಅಂತ ಹೇಳು,” ಅಂದಳು.

ನಾನು ಡಾಕ್ಟರಮ್ಮನಿಗೆ ಐದು ಬೆರಳು ತೋರಿಸಿದೆ. ಎಂಟು ಅಂದರೆ ರೋಗ ಎಲುಬಿಗೆ ಹಬ್ಬಿದೆ ಅಂದುಬಿಟ್ಟರೆ? ಅವರು ಐದಕ್ಕೆ ತಕ್ಕ ಮಾತ್ರೆ ಬರೆದರು.

ಮೂರು ವಾರ ಅಕ್ಕ ಗೋಡೆಗೆ ದಿಂಬು ಕೊಟ್ಟು ಕೂತೇ ಕಳೆದಳು. ರೊಟ್ಟಿ ಅರ್ಧಕ್ಕೆ ಬಿಡುತ್ತಿದ್ದಳು. ಮತ್ತೆ ಆಸ್ಪತ್ರೆಗೆ ಹೊರಟಾಗ ಆಟೋದಲ್ಲಿ ಕೇಳಿದೆ, “ಅಕ್ಕಾ, ಇವತ್ತ ಎಷ್ಟೈತಿ?”

“ನೀ ಎಷ್ಟು ಅಂತೀಯೋ ಅಷ್ಟೈತಿ, ತಮ್ಮಾ. ಅವತ್ತ ನಿನ್ನ ಕೈ ನೋಡೀನಿ. ನನ್ನ ಸೊಂಟ ಏನು ನಿನ್ನ ಅಂಗಡಿ ಪರದೆ ಬಟ್ಟೇನು?”

“ಮತ್ತ ಅಲ್ಲೇ ಯಾಕ ಅನ್ನಲಿಲ್ಲ?”

“ನಿನಗೇನೋ ಗೊತ್ತೈತಿ ಅನಕೊಂಡೆ. ನನ್ನ ದಿನ ಮುಗಿದಾವು ಅಂತ ಡಾಕ್ಟರು ನಿನಗ ಹೇಳ್ಯಾರ, ಅದನ್ನ ನೀ ಮುಚ್ಚಾಕತ್ತಿ ಅಂತ.”

ಮೂರು ವಾರ ಅವಳು ನೋವಿನ ಜೊತೆ ಇದನ್ನೂ ಹೊತ್ತು ಕೂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. “ಯಾರೂ ಏನೂ ಹೇಳಿಲ್ಲ, ಅಕ್ಕಾ. ನಾನೇ ಹೆದರಿದ್ದೆ,” ಅಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಡಾಕ್ಟರಮ್ಮನ ಎದುರು ತಪ್ಪು ಒಪ್ಪಿಕೊಂಡೆ. ನೋವಿನ ಅಂಕಿಯಿಂದ ರೋಗ ಎಷ್ಟಿದೆಯೆಂದು ತಿಳಿಯುವುದಿಲ್ಲ, ಔಷಧಿ ಎಷ್ಟು ಬೇಕೆಂದು ತಿಳಿಯುತ್ತದೆ ಅಂದರು. ಹಬ್ಬಿದೆಯೋ ಇಲ್ಲವೋ ಸ್ಕ್ಯಾನ್ ಆಗುವವರೆಗೆ ತಮಗೂ ಗೊತ್ತಿಲ್ಲ ಅಂದರು. ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿದೆ. ಅವಳು ನನ್ನ ಕಡೆ ನೋಡದೆ, ಡಾಕ್ಟರಮ್ಮನಿಗೆ ತಾನೇ ಒಂಬತ್ತು ಬೆರಳು ತೋರಿಸಿದಳು. ಔಷಧಿ ಬದಲಾಯಿತು. ಎರಡನೇ ದಿನ ಮಲಗಿ ನಿದ್ದೆ ಮಾಡಿದಳು.

ನಿಮ್ಮ ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ ನನ್ನ ಮಾತು ಕೇಳಿ. ಒಂದು ನೋಟುಬುಕ್ಕು ಇಡಿ. ನೋವು, ನಿದ್ದೆ, ಊಟ, ವಾಂತಿ ಎಲ್ಲ ರೋಗಿ ಹೇಳಿದ ಹಾಗೆಯೇ ದಿನಾ ಬರೆದು, ಡಾಕ್ಟರ ಮೇಜಿನ ಮೇಲೆ ಬಿಚ್ಚಿಡಿ. ಅವರು ಗೊತ್ತಿಲ್ಲ ಅಂದರೆ ರೋಗಿಗೂ ಗೊತ್ತಿಲ್ಲ ಎಂದೇ ಹೇಳಿ. ನೀವು ಮುಚ್ಚಿಟ್ಟರೆ ರೋಗಿಗಳು ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ಎಷ್ಟು ನೋವು ಎಂದು ಡಾಕ್ಟರು ಕೇಳುವಾಗ ನಿಮ್ಮ ಕೈ ಜೇಬಿನಲ್ಲಿರಲಿ. ನಾನು ಈಗ ಹಾಗೇ ಕೂರುತ್ತೇನೆ.