ಒಂದು ಜೋಳದಷ್ಟು ಎತ್ತರ

ಮೊನ್ನೆ ಲೇಥ್ ಅಂಗಡಿಯ ಹಳೆಯ ಡ್ರಾಯರ್ ಖಾಲಿ ಮಾಡುವಾಗ ಗ್ರೀಸು ಮೆತ್ತಿದ ಬಟ್ಟೆಯೊಳಗಿಂದ ಕಬ್ಬಿಣದ ಚೂರೊಂದು ಉದುರಿತು. ಉಗುರಿಗಿಂತ ಚಿಕ್ಕದು. ಗುಜರಿಗೆ ಎಸೆಯಲು ಹೋದ ಕೈ ನಿಂತಿತು. ಅದು ಭೂಸನೂರಿನ ಕಾಕಾರ ರೈಫಲ್ಲಿನ ಮೊನೆ. ಗುರಿ ಹಿಡಿಯಲಿಕ್ಕೆ ನಳಿಗೆಯ ತುದಿಯಲ್ಲಿ ಇರುತ್ತದಲ್ಲ, ಅದು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಎಂಬತ್ತರ ದಶಕದಲ್ಲಿ ನಾನು ಆಳಂದದ ಬಸ್‌ಸ್ಟ್ಯಾಂಡ್ ಹಿಂದೆ ಹೊಸದಾಗಿ ಅಂಗಡಿ ಹಾಕಿದಾಗ ಪಂಪಿನ ರಿಪೇರಿಗೆ ಬರುತ್ತಿದ್ದರು, ಅಷ್ಟೇ. ಊರ ಕಬ್ಬಿಗೆ ಬೀಳುವ ಕಾಡುಹಂದಿ ಓಡಿಸಲು ಅವರ ತಂದೆಯ ಕಾಲದ ರೈಫಲ್ಲಿತ್ತು. ಒಂದು ದಿನ ಈ ಚೂರನ್ನು ಬಿಚ್ಚಿ ತಂದು, ಇಂಥದೇ ಇನ್ನೊಂದು ಮಾಡು, ಒಂದು ಜೋಳದಷ್ಟು ಎತ್ತರ ಹೆಚ್ಚಿರಲಿ ಅಂದರು.

“ಗುಂಡು ಹಂದಿ ಮ್ಯಾಲಿಂದ ಹಾರಿ ಹೋಗ್ತದಲ್ರಿ ಕಾಕಾ?”

“ಹುಚ್ಚಪ್ಪ! ಮುಂದಿನ ಮೊನಿ ಎತ್ತರ ಆದ್ರ, ಅದನ್ನ ಕಣ್ಣಿನ ಕಡಿ ಇರೋ ಹಿಂದಿನ ಕಚ್ಚಿನ ಸಮ ತರಾಕ ನಳಗಿ ಕೆಳಗ ಬಗ್ಗಸಬೇಕಾಗ್ತದ. ಗುಂಡು ಮಣ್ಣಿಗಿ ಬಡೀತದ, ಧೂಳಿಗಿ ಹಂದಿ ಓಡ್ತಾವ. ಕೊರಳಾಗ ಲಿಂಗ ಕಟ್ಕೊಂಡು ಜೀವ ತೆಗೀಲೇನು?”

“ನೀವೇ ಕೆಳಗ ಹೊಡದ್ರಾತಲ್ರಿ?”

“ಹಂದಿ ಎದುರಿಗಿ ಬಂದಾಗ ಕೈ ಮಾತು ಕೇಳಂಗಿಲ್ಲ, ತಮ್ಮಾ.”

ಮಾಡಿಕೊಟ್ಟೆ. ಹಳೆಯದು ನನ್ನ ಬಳಿಯೇ ಉಳಿಯಿತು.

ಕೆಲವು ವರ್ಷ ಹಂದಿಗಳು ಓಡಿದವು, ಒಂದೂ ಸಾಯಲಿಲ್ಲ. ಊರವರು ಮೊದಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಓಡಿದ ಹಂದಿ ಮರುದಿನ ಮತ್ತೆ ಬರುತ್ತಿತ್ತು ನೋಡಿ. ಮುದುಕನ ಕಣ್ಣು ಹೋಗಿವೆ, ಬಂದೂಕು ಅವನ ಅಣ್ಣನ ಮಗನಿಗೆ ಹೋಗಲಿ ಎಂದು ಮಾತೆದ್ದಿತು. ಆ ಹುಡುಗನೋ ಬೇಟೆ ಅಂದರೆ ಊಟ ಬಿಡುವವನು. ಕೊನೆಗೆ ಹಿರಿಯರು ಕೂತು ತೀರ್ಮಾನಿಸಿದರು: ಬದುವಿನ ಮೇಲೆ ಸುಣ್ಣ ಬಳಿದ ಗಡಿಗೆ ಇಡುವುದು. ಕಾಕಾ ಒಡೆದರೆ ಬಂದೂಕು ಅವರದೇ, ಇಲ್ಲದಿದ್ದರೆ ಲೈಸೆನ್ಸು ಹುಡುಗನ ಹೆಸರಿಗೆ.

ಹಳೆಯ ಮೊನೆ ಕೂಡಿಸಿಕೊಡಲೇ ಎಂದು ಕೇಳಿದೆ. ಕಾಕಾ ನಕ್ಕುಬಿಟ್ಟರು. “ಬ್ಯಾಡ, ಅದು ನಿನ್ನ ಬಲ್ಲೇ ಇರ್ಲಿ. ಮೊನಿ ಕಚ್ಚಿಗಿಂತ ಒಂದೀಟು ಮ್ಯಾಲ ಹಿಡದ್ರ ಗುಂಡು ನೆಟ್ಟಗ ಹೋಗ್ತದ. ಒಂದು ಗಡಗಿ ಒಡಿಯಾಕ ಏನು?”

ಅವತ್ತು ನಾನೂ ಹೋಗಿದ್ದೆ. ಕಾಕಾ ಬಹಳ ಹೊತ್ತು ಗುರಿ ಹಿಡಿದರು... ಗುಂಡು ಹಾರಿತು. ಗಡಿಗೆ ಇದ್ದಲ್ಲೇ ಇತ್ತು. ಧೂಳೆದ್ದದ್ದು ಅದರ ಕೆಳಗಲ್ಲ, ಎಡಕ್ಕೆ, ಮಾರು ದೂರದಲ್ಲಿ. ಮೊನೆ ಎಷ್ಟೇ ಎತ್ತರವಿರಲಿ, ಗುಂಡು ಎಡಕ್ಕೆ ಹೋಗುವುದಿಲ್ಲ. ಜನ ಕೇಕೆ ಹಾಕಿದರು. ಹುಡುಗ ಬಂದು ಬಂದೂಕು ಇಸಿದುಕೊಂಡ.

ಬಸ್ಸಿನ ತನಕ ಕಾಕಾ ನನ್ನ ಜೊತೆ ನಡೆದು ಬಂದರು. “ಮ್ಯಾಲ ಹಿಡೀಲಿಲ್ಲೇನ್ರಿ?” ಎಂದು ಕೇಳಿದೆ.

“ಹಿಡದಿದ್ದೆ. ಗಡಗಿ ಎರಡು ಕಂಡ್ವು, ತಮ್ಮಾ. ಯಾವುದಕ್ಕ ಹೊಡೀಬೇಕು ತಿಳೀಲಿಲ್ಲ.” ಆಮೇಲೆ, “ಇಷ್ಟು ದಿನ ನಾನೇ ತಪ್ಪಸಾಕತ್ತೇನಿ ಅನ್ಕೊಂಡಿದ್ದೆ. ಹೊಡಿಯಾಕೇ ಬರ್ತಿದ್ದಿಲ್ಲೇನೋ... ಯಾವಾಗಿನಿಂದಂತ ಯಾರಿಗಿ ಗೊತ್ತು?” ಅಂದರು.

ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ.

ಆ ಹಂಗಾಮಿನಲ್ಲಿ ಕಬ್ಬಿನೊಳಗೆ ಬಂದೂಕಿನ ಸದ್ದಾದಾಗೆಲ್ಲ ಕಾಕಾ ಕೊರಳಿನ ಲಿಂಗದ ಕರಡಿಗೆ ಹಿಡಿದು ಕೂಡುತ್ತಿದ್ದರಂತೆ. ಮುಂದೆ ಅಂಗಡಿಗೆ ಬರುವುದೂ ನಿಂತಿತು. ಅವರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ಮುಟ್ಟಿತು.

ಈಗ ನನ್ನ ಕಣ್ಣೂ ಮಂಜಾಗಿವೆ. ಬೇಕಂತಲೇ ತಪ್ಪಿಸಿದರೋ, ಕಣ್ಣು ಕಾಣದೆ ತಪ್ಪಿತೋ, ಅಷ್ಟು ವರ್ಷ ಹಂದಿಗಳು ಬದುಕಿದ್ದಂತೂ ಖರೆ ಕಾಕಾ, ಅನ್ನಬಹುದಿತ್ತು. ಅವತ್ತು ಆ ಮಾತು ಹೊಳೆಯಲಿಲ್ಲ. ಈಗ ಹೊಳೆದಿದೆ, ಕೇಳಲಿಕ್ಕೆ ಕಾಕಾ ಇಲ್ಲ.