ಅಳತೆಗೋಲಿನ ಮೀನು

ಮೊನ್ನೆ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಇಳಿಸಿ, ನನ್ನ ಹಳೆಯ ಸಾಮಾನು ಹರವಿಕೊಂಡು ಕೂತಿದ್ದೆ. ಕರಣಿ, ತೂಗುಗುಂಡು, ಮೊಂಡಾದ ಉಳಿ. ಎಲ್ಲದರ ಅಡಿಯಲ್ಲಿ ದಾರದ ಒಂದು ಉಂಡೆ. ಬಿಡಿಸಲು ಹೋದರೆ ಬೆರಳಿಗೆ ಏನೋ ಚುಚ್ಚಿತು. ಗಾಳ! ತುಕ್ಕು ತಿಂದು ಅರ್ಧವಾಗಿದೆ, ಚುಚ್ಚುವ ಚಾಳಿ ಮಾತ್ರ ಬಿಟ್ಟಿಲ್ಲ. ರಕ್ತ ಒರೆಸಿಕೊಳ್ಳುವುದು ಬಿಟ್ಟು ನನ್ನಷ್ಟಕ್ಕೆ ನಾನೇ ನಗತೊಡಗಿದೆ. ನೀವು ಪಕ್ಕದಲ್ಲಿದ್ದರೆ, ಮುದುಕನಿಗೆ ಬಿಸಿಲು ತಲೆಗೇರಿದೆ ಅನ್ನುತ್ತಿದ್ದಿರಿ. ಕೂತುಕೊಳ್ಳಿ, ಹೇಳುತ್ತೇನೆ.

ನಾನು ಗೌಂಡಿ. ಸಾಲೆಯ ಮೂರನೆಯ ಜಮಾತಿಗೇ ಪಾಟಿ ಕೆಳಗಿಟ್ಟು ಕರಣಿ ಹಿಡಿದವನು. ಮಸ್ಕಿಯಿಂದ ಲಿಂಗಸುಗೂರಿನವರೆಗೆ ನಾನು ಎಬ್ಬಿಸಿದ ಗೋಡೆಗಳು ಇನ್ನೂ ನಿಂತಿವೆ. ಬೇಕಾದರೆ ಹೋಗಿ ಒರಗಿ ನೋಡಿ. ಆದರೆ ಬೇಸಿಗೆಯಲ್ಲಿ ಸುಣ್ಣ ಕಲಸಲೂ ನೀರಿಲ್ಲದೆ ಕೆಲಸ ನಿಲ್ಲುತ್ತಿತ್ತು. ಆಗ ನನ್ನ ಕೈಗಳು ಸುಮ್ಮನಿರದೆ ಗಾಳದ ಕಡೆ ಹೋಗುತ್ತಿದ್ದವು. ಪಾಮನಕಲ್ಲೂರಿನ ಹಾದಿಯಲ್ಲಿ ನಮ್ಮ ಕೆರೆ. ಆದರೆ ದುಡಿಯುವ ವಯಸ್ಸಿನ ಗಂಡಸು ಹಾಡಹಗಲೇ ಕೋಲು ಹೊತ್ತು ಮೀನು ಹಿಡಿಯಲು ಹೋಗುವುದನ್ನು ಊರು ನೋಡಿದರೆ ನನ್ನ ಮರ್ಯಾದೆ ಏನಾಗಬೇಕು? ಇನ್ನೊಂದು ಸಂಕಟವೂ ಇತ್ತು. ನಮ್ಮ ಕಡೆ, ಹೊರಟವನನ್ನು "ಎಲ್ಲಿಗೆ?" ಎಂದು ಯಾರಾದರೂ ಕೇಳಿಬಿಟ್ಟರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಮನೆಗೆ ತಿರುಗಿ ಬಂದು, ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡಬೇಕು. ಒಂದು ದಿನ ನಾನು ಹೀಗೆ ನಾಲ್ಕು ಸಲ ನೀರು ಕುಡಿದಿದ್ದೇನೆ.

ಅದಕ್ಕೇ ಒಂದು ಉಪಾಯ ಮಾಡಿದೆ. ಗಾಳದ ಕೋಲಿಗೆ ಗೇಣಿಗೊಂದರಂತೆ ಸುಣ್ಣದ ಗೆರೆ ಎಳೆದೆ. ದಾರ, ಗಾಳಗಳನ್ನು ತುದಿಗೆ ಸುತ್ತಿ ಮೇಲೊಂದು ಅರಿವೆ ಕಟ್ಟಿದೆ. ನೋಡಿದವರಿಗೆ ಗೌಂಡಿಯ ಅಳತೆಗೋಲು. ಕೆಲಸಕ್ಕೆ ಹೊರಟವನನ್ನು ಎಲ್ಲಿಗೆ ಎಂದು ಯಾರು ಕೇಳುತ್ತಾರೆ?

ಆ ಬೇಸಿಗೆಯಲ್ಲಿ ನನ್ನ ಹೆಂಡತಿಯ ಅಣ್ಣ ಮುದಗಲ್ಲಿನಿಂದ ಬಂದಿದ್ದ. ನಾನು ತರುವ ಬೆರಳುದ್ದದ ಮೀನು ನೋಡಿ, ಇವು ಮೀನೋ ಮೀನಿಗೆ ಹಾಕುವ ಮೇವೋ ಎಂದು ತಂಗಿಯ ಎದುರಿಗೇ ಕೇಳಿದ. ಅವನು ಹಾಗೆ ಕೇಳಬಾರದಿತ್ತು. ನಾನೂ ಹಾಗೆ ಹೇಳಬಾರದಿತ್ತು. "ಸೋಮವಾರ ನಿನಗ ಮರಲ ಉಣಸ್ತೀನಿ" ಅಂದುಬಿಟ್ಟೆ. ಮರಲ ಎಂದರೆ ಹಾವಿನ ತಲೆಯ ಕರೀ ಮೀನು. ಕೆರೆಯ ಕೆಸರಿನಲ್ಲಿ ಸಾಹುಕಾರನಂತೆ ಬಿದ್ದಿರುತ್ತದೆ. ಕಂಡಕಂಡವರ ಗಾಳಕ್ಕೆ ಬರುವ ಜಾತಿಯಲ್ಲ. ನನ್ನ ಗಾಳಕ್ಕಂತೂ ಅಲ್ಲಿಯವರೆಗೆ ಒಂದೂ ಬಂದಿರಲಿಲ್ಲ. ಆದರೆ ಆಡಿದ ಮಾತಿಗೆ ತಪ್ಪಿದವನೂ ನಾನಲ್ಲ.

ಸೋಮವಾರ ಬೆಳಗ್ಗೆಯೇ ಹೆಂಡತಿ ಹುಣಸೆಹಣ್ಣು ನೆನೆಹಾಕಿ, ಕೊಬ್ಬರಿ ಬೆಳ್ಳುಳ್ಳಿ ಹುರಿದು ಅರೆದಳು.

"ಖಾರ ಅರದೀನಿ. ಮೀನ ಬರಲಿಲ್ಲಂದ್ರ ನಿಮ್ಮ ಮಾತನ್ನ ಕುದಿಸಿ ಅಣ್ಣಗ ಬಡಸ್ತೀನಿ" ಅಂದಳು.

ಒಂಬತ್ತು ವರ್ಷದ ಮಗಳು ನಾಗಿ, ಐದರ ಮಗ ಬಸ್ಯಾ ನನ್ನ ಜೊತೆಗೆ. ದಾರಿಯಲ್ಲಿ ನಗಬಾರದು, ಮೀನಿನ ಹೆಸರು ಎತ್ತಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದೆ. ಊರ ಹೊರಗೆ ಎದುರಾದವರು ಗೌಡರು. ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸದೆ ನೀರು ಮುಟ್ಟದವರು. ಮೀನಿನ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವ ಮನೆತನ.

"ಏನಲೇ ಗೌಂಡಿ, ಕಾಲುವೆ ಅಳಿಯಾಕತ್ತೀ ಏನು?"

ಆ ವರ್ಷಗಳೇ ಹಾಗಿದ್ದವು. ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ಕೋಲು ಹಿಡಿದು ಹೊಲದಲ್ಲಿ ನಡೆದವನ ಹಿಂದೆಯೇ ಕಾಲುವೆ ಬರುತ್ತದೆಂದು ಜನ ನಂಬಿದ್ದರು. ಸದ್ಯ ಎಲ್ಲಿಗೆ ಎಂದು ಕೇಳಲಿಲ್ಲವಲ್ಲ ಎಂಬ ಖುಷಿಯಲ್ಲಿ ನಾನು ಹ್ಞೂಂ ಅಂದೆ. ಅದೇ ತಪ್ಪಾಯಿತು. ಗೌಡರು ನಮ್ಮ ಬೆನ್ನು ಹತ್ತಿದರು. ಕಾಲುವೆ ತಮ್ಮ ಹೊಲದಲ್ಲಿ ಹಾಯುತ್ತದೋ, ಪಕ್ಕಕ್ಕೆ ಸರಿಯುತ್ತದೋ ಅವರಿಗೆ ಈಗಲೇ ತಿಳಿಯಬೇಕು. ಇನ್ನೇನು ಮಾಡಲಿ, ಹತ್ತು ಹೆಜ್ಜೆಗೊಮ್ಮೆ ಕೋಲು ಮಲಗಿಸಿ "ಹದಿನೇಳು" ಎನ್ನುತ್ತಿದ್ದೆ. ನಾಗಿ ಗಂಭೀರವಾಗಿ "ಹದಿನೇಳು" ಎನ್ನುತ್ತಿದ್ದಳು. ಬಸ್ಯಾ ಅಕ್ಕನ ಲಂಗದಲ್ಲಿ ಮುಖ ಹುದುಗಿಸಿ ನಡೆಯುತ್ತಿದ್ದ. ಗೌಡರ ಹೊಲ ಅಳೆದೆವು, ಮುಳ್ಳುಬೇಲಿ ಅಳೆದೆವು, ದಾರಿಗೆ ಅಡ್ಡ ಮಲಗಿದ್ದ ಒಂದು ಎಮ್ಮೆಯನ್ನೂ ಅಳೆದೆವು. ಅಳೆಯುತ್ತ ಅಳೆಯುತ್ತ ಕೆರೆಯೇ ಬಂತು. ಕೆರೆಗೇಕೆ ಕಾಲುವೆ ಎಂದು ಗೌಡರು ಕೇಳಿದರು. ಬಸ್ಯಾನಿಗೆ ಇನ್ನು ತಡೆಯಲಾಗಲಿಲ್ಲ.

"ಮರಲ ಹಿಡಿಯಾಕ ಬಂದೀವ್ರೀ."

ಗೌಡರು ಕೋಲು ನೋಡಿದರು, ಅರಿವೆ ನೋಡಿದರು, ನನ್ನನ್ನು ನೋಡಿದರು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ಏರಿಯ ಎರಡೂ ಕಡೆ ಕಣ್ಣಾಡಿಸಿ ದನಿ ತಗ್ಗಿಸಿದರು.

"ಸಣ್ಣಾವಿದ್ದಾಗಿಂದ ನನಗ ಆಸೆ ಐತಿ. ಒಮ್ಮೆ ಹಿಡೀಲೇನು?"

ಸಿಕ್ಕ ಮೊದಲ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ, ಕೋಲನ್ನು ಗೌಡರ ಕೈಗಿತ್ತು, ಪಕ್ಕದಲ್ಲಿ ನಾಗಿಯನ್ನು ಕೂರಿಸಿದೆ. ಇನ್ನಷ್ಟು ಕಪ್ಪೆ ಹುಡುಕಲು ನಾನೂ ಬಸ್ಯಾನೂ ಜಾಲಿಗಿಡಗಳ ಆಚೆ ಹೋದೆವು. ಎರಡನೆಯ ಕಪ್ಪೆ ಕೈಗೆ ಬರುವಷ್ಟರಲ್ಲಿ ಕೂಗು ಕೇಳಿತು. ಓಡಿ ಬಂದರೆ, ಗೌಡರು ಸೊಂಟದವರೆಗೆ ನೀರಲ್ಲಿ, ಅವರ ರುಮಾಲು ತೇಲುತ್ತ ಕೆರೆಯ ನಡುವಿಗೆ ಹೊರಟಿದೆ. ನಾಗಿ ನೆತ್ತಿಯವರೆಗೆ ಕೆಸರು. ದಂಡೆಯ ಮೇಲೆ ನನ್ನ ತೋಳಿನುದ್ದದ ಮರಲ ಬಡಿದಾಡುತ್ತಿದೆ!

"ಹಿಡದ್ನಿ ನೋಡಲೇ ಗೌಂಡಿ" ಅಂದರು ಗೌಡರು.

ನಾನು ಕುಣಿದೆ, ಬಸ್ಯಾ ಕುಣಿದ. ಗೌಡರೂ ನೀರಿಳಿಯುವ ಧೋತರ ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿದರು. ಕುಣಿತ ಮುಗಿದ ಮೇಲೆ ಅವರ ಮುಖ ಇಳಿಯಿತು. ಮನೆಯಲ್ಲಿ ತಿಳಿದರೆ ಒಳಗೆ ಬಿಡುವುದಿಲ್ಲ, ನೀನೇ ಹಿಡಿದೆ ಎಂದು ಹೇಳು ಎಂದು ನನ್ನಿಂದ ಕೈ ಮೇಲೆ ಕೈ ಹಾಕಿಸಿಕೊಂಡರು.

ನೋಡಿ ನನ್ನ ಪಾಡು. ಇನ್ನೊಬ್ಬ ಕಟ್ಟಿದ ಗೋಡೆಯನ್ನು ನನ್ನದೆಂದು ಜನ್ಮದಲ್ಲಿ ಹೇಳಿದವನಲ್ಲ. ಮನೆಯವರೆಗೂ ನನ್ನೊಳಗೆ ಜಗಳ ನಡೆದಿತ್ತು. ಹೆಂಡತಿಯ ಅಣ್ಣ ಎದ್ದು ಬಂದು, ಆ ಕೋಲಿನ ಗೆರೆಗಳಿಗೇ ಹಿಡಿದು ಮೀನನ್ನು ಅಳೆದ. ಮೂರು ಗೇಣು, ಮೇಲೆ ಎರಡು ಬೆರಳು.

"ಖರೇ ನೀನ ಹಿಡದೇನು?" ಅಂದ.

ಬಾಗಿಲಲ್ಲಿ ನಿಂತ ಹೆಂಡತಿಯ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ನಾಗಿ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು.

"ಮತ್ಯಾರು?" ಅಂದೆ.

ಮೊದಲ ತುತ್ತಿಗೇ ಗಂಟಲಲ್ಲಿ ಮುಳ್ಳು ಸಿಕ್ಕಿತು. ರೊಟ್ಟಿಯ ಉಂಡೆ ನುಂಗಿ ಇಳಿಸಿಕೊಂಡೆ. ಮುದಗಲ್ಲಿನಲ್ಲೆಲ್ಲ ನನ್ನ ಹೆಸರಾಯಿತು. ಗಾಳಕ್ಕೆ ಮಾತ್ರ ಇನ್ನೊಂದು ಮರಲ ಬರಲಿಲ್ಲ. ಕಾಲುವೆಯೂ ಗೊರೇಬಾಳದ ಕಡೆ ಹೋಯಿತು, ಗೌಡರ ಹೊಲಕ್ಕೆ ಬರಲಿಲ್ಲ. ಆದರೂ ಅವರು ಬೇಸಿಗೆ ಬಂದಾಗ ಮನೆಯ ಮುಂದೆ ನಿಂತು, ಅಳೆಯಲು ಯಾವಾಗ ಹೋಗುವುದು ಎಂದು ಊರಿಗೆಲ್ಲ ಕೇಳುವಂತೆ ಕರೆಯುತ್ತಿದ್ದರು. ಮಕ್ಕಳು ನನಗಿಂತ ಮೊದಲು ಹೊಸಿಲು ದಾಟುತ್ತಿದ್ದರು.

ಮೊನ್ನೆ ನಾನು ನಗುವಾಗ ನಾಗಿ ತವರಿಗೆ ಬಂದು ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ತಲೆಯಲ್ಲೂ ಈಗ ಬೆಳ್ಳಿ. ಗೌಡರೂ ಇಲ್ಲ, ಖಾರ ಅರೆದವಳೂ ಇಲ್ಲ. ಇನ್ನು ಯಾರಿಗೆ ಮುಚ್ಚಿಡಲಿ ಎನಿಸಿತು.

"ನಾಗವ್ವಾ, ಆ ಮರಲ ನಾ ಹಿಡದದ್ದಲ್ಲ, ಗೌಡ್ರು ಹಿಡದದ್ದು ಅಂತ ನಿನ್ನ ಮಕ್ಕಳಿಗೆ ಹೇಳಿಬಿಡು."

ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಗೌಡ್ರೆಲ್ಲಿ ಹಿಡದ್ರಪ್ಪಾ. ಮೀನ ಜಗ್ಗಿದ ಕೂಡ್ಲೆ ಕೋಲು ಒಗದು ನೀರಿಗೆ ಬಿದ್ರು. ಎಳದಾಕಿ ನಾನು. ನಿಮ್ಮಪ್ಪಗ ನಾ ಹಿಡದ್ನಿ ಅಂತೀನಿ, ಸುಮ್ಮನಿರವಾ ಅಂದ್ರು."

ನಲವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಇಬ್ರೂ ಅಷ್ಟು ಖುಷೀಲೆ ಕುಣಿಯಾಕತ್ತಿದ್ರಿ. ಮತ್ತ ನನ್ನ ಯಾರು ಕೇಳಿದ್ರು?"

ಇಬ್ಬರಿಗೂ ನಗು ಉಕ್ಕಿ, ಮೊರದ ಅಕ್ಕಿಯೆಲ್ಲ ನೆಲದ ಪಾಲಾಯಿತು.

ಮರುದಿನ ಹೊಸ ಗಾಳ ತಂದೆ. ಕೋಲಿಗೆ ಸುಣ್ಣದ ಗೆರೆ ಎಳೆಯಲಿಲ್ಲ. ಎಲ್ಲಿಗೆ ಎಂದು ಯಾರೋ ಕೇಳಿಯೂ ಬಿಟ್ಟರು. ಮೀನು ಹಿಡಿಯಲು ಎಂದು ಗಟ್ಟಿಯಾಗಿ ಹೇಳಿ ನಡೆದೆವು. ಕೋಲು ನಾಗಿಯ ಹೆಗಲ ಮೇಲಿತ್ತು. ಕಪ್ಪೆ ಹುಡುಕುವ ಕೆಲಸ ನನ್ನದು.