ಅರ್ಥವಿರುವ ಊರುಗಳು

ಬಸ್ಸಿನ ಕಿಟಕಿಯ ಕಬ್ಬಿಣದ ಸರಳು ಅವರ ಹಣೆಯ ಮೇಲೆ ದಿನಾ ಒಂದು ಕೆಂಪು ಗೆರೆ ಎಳೆಯುತ್ತಿತ್ತು. ಚಳ್ಳಕೆರೆಯಲ್ಲಿ ಹತ್ತಿ ಕೂತವರು ಊರು ದಾಟುವ ಮೊದಲೇ ಸರಳಿಗೆ ಹಣೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು ಶಾಲೆಯ ಕಡೆ ನಡೆಯುವಾಗಲೂ ಆ ಗೆರೆ ಹಾಗೇ ಇರುತ್ತಿತ್ತು. ಮೊದಲ ಪಿರಿಯಡ್ ಮುಗಿಯುವ ತನಕ ಅಳಿಸುವುದಿಲ್ಲವೆಂದು ಅವರ ಶಾಲೆಯ ಹುಡುಗಿಯರು ಹೇಳುತ್ತಿದ್ದರು.

ನಾವು ಅವರನ್ನು ಕನ್ನಡ ಮೇಡಂ ಎನ್ನುತ್ತಿದ್ದೆವು. ಮನೆಮಾತು ಉರ್ದು, ಪಾಠ ಮಾಡುತ್ತಿದ್ದುದು ಹಳಗನ್ನಡ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್. ಚಿಕ್ಕ ಮಗಳನ್ನು ಅವ್ವನ ಕೈಗೆ ಕೊಟ್ಟು ಓಡಿ ಬಂದು ಅವರ ಪಕ್ಕದ ಸೀಟು ಹಿಡಿಯುತ್ತಿದ್ದೆ. ಅವರು ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಿಚಿಕೊಂಡು, ಶೇಂಗಾಬೀಜ ನನ್ನ ಅಂಗೈಗೆ ಸುರಿಯುತ್ತಿದ್ದರು. “ದಣಿವಿಗೆ ರಜಾ ಅಂತ ಇಲ್ಲ ಕಣಮ್ಮ, ಅದೂ ನಮ್ ಜೊತೆ ಟಿಕೆಟ್ ತಗೊಂಡು ಬರ್ತದೆ” ಎಂಬುದು ಅವರ ಮಾತು. ನಗದೆ ಹೇಳುತ್ತಿದ್ದರು.

ಆಟ ಶುರುಮಾಡಿದವರು ಅವರೇ. ದಿನಾ ಓಡಾಡುವ ನೌಕರರು ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿ ಆಡಿ ಬೇಸತ್ತಿದ್ದರು. ಒಂದು ಬೆಳಿಗ್ಗೆ ಅವರು ಸರಳಿನಿಂದ ಹಣೆ ಎತ್ತಿ, “ಊರಿನ ಹೆಸರು ಹೇಳಾಣ. ಆದ್ರೆ ಆ ಹೆಸರು ನಿಘಂಟಿನಾಗೂ ಒಂದು ಪದ ಆಗಿರ್ಬೇಕು. ಊರನ್ನ ಮರೆತು ಅದನ್ನ ಒಂದು ವಾಕ್ಯದಾಗೆ ಬಳಸ್ಬೇಕು” ಎಂದರು. ಗುಬ್ಬಿ ಹಾರಿತು, ಬಾದಾಮಿ ತಿಂದೆ, ಹೀಗೆ. ಊರು, ಕೆರೆ, ಪುರ ಅಂಟಿಸಿದ ಹೆಸರುಗಳು ನಡೆಯುವುದಿಲ್ಲ.

“ಮೊಳಕಾಲ್ಮೂರು?” ಎಂದು ಕೇಳಿದವರು ಪಶು ಆಸ್ಪತ್ರೆಯ ಕಾಂಪೌಂಡರ್. ಸದಾ ಯಾರನ್ನಾದರೂ ಕೆಣಕುವ ಮನುಷ್ಯ.

“ಮೂರು ಮೊಳಕಾಲಿನ ದನ ನಿಮ್ ಆಸ್ಪತ್ರೆಗೆ ಬಂದ ದಿನ ಒಪ್ಕೊಂತೀನಿ” ಎಂದರು ಮೇಡಂ.

ವಾರದೊಳಗೆ ಅದು ಪಂದ್ಯಾವಳಿಯೇ ಆಯಿತು. ಎಡಗಡೆ ಸೀಟಿನ ನಮ್ಮದೊಂದು ತಂಡ, ಬಲಗಡೆ ಕಾಂಪೌಂಡರ್ ಇದ್ದದ್ದೊಂದು. ಕಂಡಕ್ಟರ್ ಲೆಕ್ಕ ಇಡುವವನು. ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಕೊನೆಯ ಪಂದ್ಯ, ಸೋತವರು ಇಡೀ ಬಸ್ಸಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಬಸ್ಸು ತಳಕು ಮುಟ್ಟಿದಾಗ ಆ ಊರಿನ ಹೆಸರೇ ಜಗಳಕ್ಕೆ ಬಂತು. “ಅದ್ಕೂ ಇದ್ಕೂ ತಳಕು ಹಾಕ್ಬೇಡಿ ಅಂತೀವಲ್ಲ, ಪದ ಸರಿ ಐತೆ” ಎಂದು ಮೇಡಂ ತೀರ್ಪು ಕೊಟ್ಟರು. ಅರ್ಥದ ವಿಷಯದಲ್ಲಿ ಎರಡೂ ತಂಡದವರು ಅವರ ಮಾತನ್ನೇ ಒಪ್ಪುತ್ತಿದ್ದರು.

ನನಗೆ ವಿಚಿತ್ರವೆನಿಸುತ್ತಿದ್ದುದು ಒಂದೇ. ಯಾರಾದರೂ ‘ಚಿಂತಾಮಣಿ’, ‘ಗೋಕರ್ಣ’ ಎಂದು ಬೀಗಿದರೆ ಅಂಕ ಕೊಡುತ್ತಿದ್ದರು, ಆದರೆ ಮುಖದಲ್ಲಿ ಸಂತೋಷವಿರುತ್ತಿರಲಿಲ್ಲ. “ಚೆನ್ನಾಗೈತೆ. ಮನೇಲಿ ದಿನಾ ಬೇಕಾಗೋ ಅಂಥದ್ದು ಯಾವ್ದಾದ್ರೂ ಹೇಳ್ರಿ” ಎನ್ನುತ್ತಿದ್ದರು. ಊಟ, ನೀರು, ನೋವು, ನಿದ್ದೆ, ಇಂಥವು ಬೇಕಂತೆ. ಟೀಚರಮ್ಮನ ಹಟವೆಂದು ನಾವು ನಗುತ್ತಿದ್ದೆವು.

ಫೆಬ್ರವರಿಯಲ್ಲಿ ಅವರು ಜ್ವರದಿಂದ ಮಲಗಿದರು. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟನ್ನು ಶಾಲೆಯವರು ನನ್ನ ಕೈಲಿ ಕಳಿಸಿದರು. ಹಳೇ ಸಂತೆ ಬೀದಿಯ ಹಿಂದೆ ಅವರ ಮನೆ. ಬಾಗಿಲು ತೆರೆದವರು ಅವರ ಅಕ್ಕ, ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಇದ್ದವರು. ನಡುಮನೆಯ ಮಂಚದಲ್ಲಿ ದಿಂಬಿಗೊರಗಿ ಒಬ್ಬ ಎತ್ತರದ ಮನುಷ್ಯ ಕೂತಿದ್ದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಮೇಡಂ ಅವರ ಗಂಡ. ಅವರಿಗೆ ಲಕ್ವ ಹೊಡೆದಿರುವುದು ನನಗೆ ಗೊತ್ತೇ ಇರಲಿಲ್ಲ.

ಅವರು ಏನೋ ಹೇಳಲು ಬಾಯಿ ತೆರೆದರು. ತುಟಿ ನಡುಗಿತೇ ಹೊರತು ಮಾತು ಹೊರಡಲಿಲ್ಲ. ಮೇಡಂ ಮಂಚದ ಅಂಚಿಗೆ ಕೂತು ಮೆಲ್ಲಗೆ, “ಶಿವಮೊಗ್ಗ, ಆಯನೂರು, ಕುಂಸಿ, ಆನಂದಪುರ...” ಎಂದು ನಿಲ್ಲಿಸಿದರು. ಕಾದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾದರೂ ಏಳಲಿಲ್ಲ.

“ಸಾಗರ” ಎಂದರು ಆ ಮನುಷ್ಯ. ಸ್ಪಷ್ಟವಾಗಿ, ಬಸ್‌ಸ್ಟ್ಯಾಂಡಿನಲ್ಲಿ ಕೂಗುವ ದನಿಯಲ್ಲಿ.

ಮೇಡಂ ಲೋಟದಲ್ಲಿ ನೀರು ಕೊಟ್ಟರು.

ನೀರು ಕುಡಿದ ಮೇಲೆ ನನ್ನನ್ನೊಮ್ಮೆ ನೋಡಿ, ಸಂಕೋಚದಿಂದ “ಕಳಸ” ಎಂದರು. ಅಕ್ಕ ತಟ್ಟನೆ ಮಂಚದ ಕೆಳಗಿನಿಂದ ಮೂತ್ರದ ಪಾತ್ರೆ ಎಳೆದರು. ಮೇಡಂ ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವರು ಹೊಸ್ತಿಲ ಮೇಲೆ ಕುಸಿದು ಕೂತರು.

“ದೂರದ ರೂಟಿನ ಕಂಡಕ್ಟರ್ ಆಗಿದ್ರು. ವಯಸ್ಸೆಲ್ಲಾ ಬಾಗ್ಲಾಗೆ ನಿಂತು ಊರು ಕೂಗಿದ್ರಲ್ಲ, ಅವಷ್ಟೇ ಉಳಿದಾವೆ. ಮನೇಲಿ ಆಡ್ತಿದ್ದ ಉರ್ದು ಅಷ್ಟೂ ಹೋಯ್ತು. ನನ್ ಹೆಸ್ರೂ ಬರಲ್ಲ. ಪಾನಿ ಅನ್ನೋಕಾಗಲ್ಲ, ಸಾಗರ ಅಂತಾರೆ. ತಲೆ ನೋವಾದ್ರೆ ಶಿರಾ.” ಸೆರಗಿನಿಂದ ಮುಖ ಒರೆಸಿಕೊಂಡು, “ಉಳಿದದ್ದಕ್ಕೆ ಊರು ಸಿಗ್ತಿಲ್ಲ” ಎಂದರು.

“ಬಸ್ಸಲ್ಲಿ ಹೇಳಿದ್ರೆ ಎಲ್ಲಾರೂ ಹುಡುಕ್ತಿದ್ರಲ್ಲ ಮೇಡಂ.”

“ಬೇಡಮ್ಮ. ಅಲ್ಲಿ ಅದು ಆಟವಾಗೇ ಇರ್ಲಿ. ದಿನಕ್ಕೆ ಅಷ್ಟು ಹೊತ್ತಾದ್ರೂ ನಾನು ಈ ಮನೆ ಆಚೆ ಇರ್ತೀನಿ.”

ನಾನು ಯಾರಿಗೂ ಹೇಳಲಿಲ್ಲ.

ಕೊನೆಯ ಪಂದ್ಯದ ದಿನ ಬಸ್ಸು ತುಂಬಿತ್ತು. ದೇವಸಮುದ್ರದ ಕಡೆಗೆ ಹೊರಟಿದ್ದ ಕುರಿಗಾಹಿಗಳೂ ಕಂಬಳಿ ಹೊದ್ದು ನಿಂತು ಕೇಳುತ್ತಿದ್ದರು. ಹೇಳಿದ ಹೆಸರನ್ನೇ ಮತ್ತೆ ಹೇಳುವಂತಿಲ್ಲವಾದ್ದರಿಂದ ಹಾನಗಲ್ ಬರುವ ಹೊತ್ತಿಗೆ ಎರಡೂ ಕಡೆ ಬರಿದಾಗಿತ್ತು. ನಮ್ಮ ತಂಡ ಒಂದು ಅಂಕ ಮುಂದಿತ್ತು, ಕೊನೆಯ ಪದಕ್ಕೆ ಎರಡು ಅಂಕ. ಕಾಂಪೌಂಡರ್ ಎದ್ದು ನಿಂತು, “ಕಾಪು” ಎಂದರು.

ಅಂಥ ಊರೇ ಇಲ್ಲವೆಂದು ನಮ್ಮವರು ಗಲಾಟೆ ಎಬ್ಬಿಸಿದರು.

“ಐತ್ರೀ. ಉಡುಪಿ ಕಡೆ, ಸಮುದ್ರದ ದಂಡೆ. ಕಾಪು ಅಂದ್ರೆ ಕಾವಲು. ತೆಲುಗ್ನಾಗೂ ಕಾಪಲಾ ಅನ್ನಲ್ವಾ?” ಎಂದು ಅವರು ವಾದಿಸಿದರು.

ಎಲ್ಲರೂ ಮೇಡಂ ಕಡೆ ತಿರುಗಿದರು. ಇಲ್ಲ ಎಂದು ಅವರು ತಲೆಯಾಡಿಸಿದ್ದರೆ ಸಾಕಿತ್ತು, ಪಂದ್ಯ ನಮ್ಮದಾಗುತ್ತಿತ್ತು. ಅವರು ಆ ಪದವನ್ನು ಸದ್ದಿಲ್ಲದೆ ತುಟಿಯಲ್ಲೇ ಎರಡು ಸಲ ಹೇಳಿಕೊಂಡರು.

“ಊರು ಐತೆ. ನಮ್ಮನೆಯವ್ರು ಆ ರೂಟಿಗೆ ಹೋಗಿದ್ರು. ಪದಾನೂ ಸರಿ ಐತೆ. ನಾವು ಸೋತ್ವಿ.”

ಮಂಡಕ್ಕಿ ತಿನ್ನುವಾಗ ಮೇಡಂ ನನ್ನ ಕಿವಿಯ ಬಳಿ ಬಂದು, “ಸಂಜೆ ಆದ್ರೆ ಅವ್ರಿಗೆ ಹೆದ್ರಿಕೆ ಆಗ್ತದೆ. ಪಕ್ಕದಾಗೆ ಕೂತ್ಕೋ ಅಂತ ಹೇಳೋಕಾಗ್ದೆ ಗೋಡೆ ಗುದ್ತಾರೆ. ಇನ್ಮೇಲೆ ಗುದ್ದೋದು ಬೇಕಿಲ್ಲ” ಎಂದರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಬೇಸಿಗೆ ಕಳೆದು ಶಾಲೆ ಶುರುವಾದ ದಿನ ಅವರು ಹತ್ತಿದಾಗ ಕಣ್ಣು ಊದಿತ್ತು. ತಳಕು ದಾಟಿದ ಮೇಲೆ ಅವರೇ ಹೇಳಿದರು.

“ರಜಾದಾಗೆಲ್ಲಾ ಕಾಪು ಅಂದಾಗ ಪಕ್ಕದಾಗೆ ಕೂತೆ. ಚೆನ್ನಾಗಿ ಕಲಿತ್ರು. ಇವತ್ತು ನಾನು ಬ್ಯಾಗ್ ತಗೊಂಡೆ ನೋಡು, ಸೆರಗು ಹಿಡ್ಕೊಂಡು ಅದೇ ಅಂದ್ರು. ಬಿಡಿಸ್ಕೊಂಡು ಬಂದೆ. ಬೀದಿ ತುದಿ ತನಕ ಕೇಳ್ತಿತ್ತು.”

“ಅಕ್ಕ ಇದ್ದಾರಲ್ಲ ಮೇಡಂ.”

“ಅವ್ರು ಕರೆಯೋದು ಅಕ್ಕನ್ನ ಅಲ್ಲ.” ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, “ಗೋಡೆ ಗುದ್ತಿದ್ದಾಗ ಅದಕ್ಕೆ ಅರ್ಥ ಇರ್ಲಿಲ್ಲ. ತಿರುಗಿ ನೋಡ್ದೆ ಬರ್ಬೋದಾಗಿತ್ತು. ಈಗ ಅರ್ಥ ನಾನೇ ಕಲಿಸಿಟ್ಟೀನಿ” ಎಂದರು.

ನೌಕರಿ ಬಿಡುವ ಹಾಗಿರಲಿಲ್ಲ, ಆ ಮನೆಗೆ ಇನ್ನೊಂದು ಆಧಾರವಿರಲಿಲ್ಲ. ಇಡೀ ವರ್ಷ ಅವರು ಹೀಗೇ ಮನೆ ಬಿಟ್ಟು ಬಂದರು. ಬಸ್ಸಿನವರು ಹೊಸ ಪಂದ್ಯಾವಳಿಗೆ ಕರೆದಾಗ ತಂಡಕ್ಕೆ ಸೇರಿದರು, ತೀರ್ಪನ್ನೂ ಕೊಟ್ಟರು. ಆದರೆ ಮನೆಯಲ್ಲಿ ಬೇಕಾಗುವ ಪದ ಹೇಳಿರೆಂದು ಯಾರನ್ನೂ ಕೇಳಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರ ಶಾಲೆಯ ಜವಾನ ನನ್ನ ಕಚೇರಿಗೆ ಬಂದ. ಮೇಡಂ ಗಂಡ ತೀರಿಕೊಂಡರೆಂದು ಚಳ್ಳಕೆರೆಯಿಂದ ಫೋನ್ ಬಂದಿತ್ತು. ಮೇಡಂ ಜೊತೆ ನಾನೂ ಸಿಕ್ಕಿದ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಯಾರೋ ಎದ್ದು ಜಾಗ ಕೊಟ್ಟರೂ ಅವರು ಕೂರಲಿಲ್ಲ, ಮೇಲಿನ ಕಂಬಿ ಹಿಡಿದು ಉದ್ದಕ್ಕೂ ನಿಂತೇ ಬಂದರು.

“ಬೆಳಿಗ್ಗೆನೂ ಕರೆದ್ರು,” ಎಂದರು ದಾರಿಯಲ್ಲಿ ಒಮ್ಮೆ. “ಸಂಜೆ ಬರ್ತೀನಿ ಅಂದೆ.”

ನಿವೃತ್ತಿಯ ತನಕ ಅದೇ ಬಸ್ಸಿನಲ್ಲಿ ಓಡಾಡಿದರು. ಆಟಕ್ಕೆ ಕರೆದರೆ “ನೀವು ಆಡ್ರಿ, ನಾನು ಕೇಳ್ತೀನಿ” ಎಂದು ಕಣ್ಣು ಮುಚ್ಚುತ್ತಿದ್ದರು. ನಿವೃತ್ತಿಯಾಗಿ ಹೆಚ್ಚು ಕಾಲ ಇರಲಿಲ್ಲ. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ದಫನ್ ಮುಗಿದು ಮಣ್ಣು ಮುಚ್ಚಿಯಾಗಿತ್ತು. ಅವರ ಅಕ್ಕ ನನ್ನ ಕೈ ಹಿಡಿದುಕೊಂಡು, “ಬಹುತ್ ಥಕ್ ಗಯೀ ಥೀ” ಎಂದರು. ತುಂಬ ದಣಿದಿದ್ದಳು ಎಂದರ್ಥ. ಅದಕ್ಕಿಂತ ಸರಿಯಾದ ಮಾತು ನನಗೂ ಹೊಳೆಯಲಿಲ್ಲ.

ಈಗ ನಾನು ಪಿಂಚಣಿ ಅರ್ಜಿಗಳ ಮೇಜಿನಲ್ಲಿ ಕೂರುತ್ತೇನೆ. ಗಡಿಯ ಕಡೆಯ ಹಳ್ಳಿಗಳಿಂದ ಮುದುಕ ಮುದುಕಿಯರು ಬರುತ್ತಾರೆ. ಅರ್ಧ ತೆಲುಗು, ಅರ್ಧ ಕನ್ನಡ, ನಡುವೆ ಮಾತು ತಪ್ಪಿಹೋಗುತ್ತದೆ. ಏನು ಹೇಳಲು ಹೊರಟಿದ್ದಾರೆಂಬುದು ಬಹಳ ಸಲ ನನಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಸಾಲು ಬೆಳೆಯುತ್ತದೆ, ಜನ ಗೊಣಗುತ್ತಾರೆ. ಆದರೂ ಅವರ ಬಾಯಿಯ ಮಾತನ್ನು ನಾನು ಕಿತ್ತು ಹೇಳುವುದಿಲ್ಲ. ಉಕ್ಕುವ ಹಾಲನ್ನು ಬಿಟ್ಟು ಒಬ್ಬರು ಕಾದು ಕೂತದ್ದನ್ನು ನೋಡಿದವಳು ನಾನು. ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಎದುರಿನವರ ಮುಖ ನೋಡುತ್ತಾ ಕೂರುತ್ತೇನೆ.